ನಡುವಿನ ಎಲುಬಿಗೆ ಸೋಂಕು: ಗುಳಿಗೆಗಿಂತ ಮೊದಲು ತುಣುಕು ತೆಗೆಸಿ

ಪ್ರಶ್ನೆ: ನಮ್ಮ ಯಜಮಾನರಿಗೆ 52 ವರ್ಷ. ಮನೆಯಲ್ಲಿ ಎಮ್ಮೆಗಳಿವೆ. ಮೂರು ತಿಂಗಳಿಂದ ನಡುನೋವು, ಸಂಜೆ ಜ್ವರ, ರಾತ್ರಿ ಬೆವರು. ಎಂಆರ್‌ಐ ವರದಿಯಲ್ಲಿ ‘ಟಿ.ಬಿ. ಇರಬಹುದು’ ಎಂದಿದೆ. ಕೊಲ್ಲಾಪುರದ ಡಾಕ್ಟರು ಸೂಜಿ ಹಾಕಿ ಎಲುಬಿನ ತುಣುಕು ತೆಗೆಯೋಣ ಅನ್ನುತ್ತಾರೆ. ಬೆನ್ನಿಗೆ ಕೈ ಹಚ್ಚಿದರೆ ಕಾಲು ಹೋಗುತ್ತವೆ, ನೇರ ಗುಳಿಗೆ ಶುರು ಮಾಡಿ ಎಂಬುದು ನೆಂಟರ ಮಾತು. ಏನು ಮಾಡಲಿ?
– ಓದುಗರೊಬ್ಬರು, ಕಾಗಲ

ಉತ್ತರ: ತುಣುಕು ತೆಗೆಸಿರಿ, ತಾಯಿ. ನೆಂಟರ ಅಂದಾಜು ತೀರ ತಪ್ಪೇನಲ್ಲ. ನಮ್ಮಲ್ಲಿ ಬೆನ್ನೆಲುಬಿನ ಸೋಂಕು ಎಂದರೆ ಮೊದಲು ನೆನಪಾಗುವುದು ಕ್ಷಯವೇ. ಆದರೆ ಎಂಆರ್‌ಐಯಲ್ಲಿ ಕಾಣುವುದು ಕೆಟ್ಟ ಡಿಸ್ಕು, ತಿಂದುಹೋದ ಎಲುಬು, ಕೀವು. ಅದಕ್ಕೆ ಕಾರಣವಾದ ರೋಗಾಣು ಯಾವುದೆಂಬುದು ಆ ಚಿತ್ರದಿಂದ ಖಚಿತವಾಗುವುದಿಲ್ಲ. ಸಕ್ಕರೆ ಕಾಯಿಲೆಯವರನ್ನು ಹೆಚ್ಚು ಕಾಡುವ ಸ್ಟೆಫಿಲೊಕಾಕಸ್ ಕೂಡ ಹೀಗೇ ಮಾಡಬಹುದು. ದನ-ಎಮ್ಮೆಗಳಿಂದ ಬರುವ ಬ್ರುಸೆಲ್ಲಾಕ್ಕಂತೂ ಕೆಳನಡುವೇ ಇಷ್ಟದ ಜಾಗ. ಕಂದು ಹಾಕಿದ ಎಮ್ಮೆಯ ಮಾಸನ್ನು ಬರಿಗೈಯಲ್ಲಿ ಎತ್ತಿದರೆ, ಕಾಯಿಸದ ಹಾಲು ಕುಡಿದರೆ ಅದು ಅಂಟುತ್ತದೆ. ಕೊಲ್ಲಾಪುರದ ಗಂಗಾವೇಶದಲ್ಲಿ ಎಮ್ಮೆ ಹಿಂಡಿದ ಕೂಡಲೇ ನೊರೆಹಾಲಿಗೆ ಲೋಟ ಒಡ್ಡುವ ರೂಢಿ ನಿಮಗೆ ಗೊತ್ತಿರುವುದೇ. ಅದರ ರುಚಿಯ ಬಗ್ಗೆ ನನ್ನ ತಕರಾರಿಲ್ಲ.

ಗುಳಿಗೆ ಕೊಟ್ಟು ನೋಡೋಣ, ಜ್ವರ ಇಳಿದರೆ ಟಿ.ಬಿ. ಎಂದಾಯಿತಲ್ಲ ಎನ್ನಬಹುದು. ಮೋಸ ಇರುವುದು ಅಲ್ಲಿಯೇ. ಟಿ.ಬಿ. ಔಷಧಿಗಳಲ್ಲಿ ಒಂದಾದ ರಿಫಾಂಪಿಸಿನ್ ಬ್ರುಸೆಲ್ಲಾವನ್ನೂ ಅಷ್ಟಿಷ್ಟು ಹತ್ತಿಕ್ಕುತ್ತದೆ. ನೋವು ಇಳಿದಂತಾಗಿ ಮತ್ತೆ ಮರುಕಳಿಸುತ್ತದೆ; ಬ್ರುಸೆಲ್ಲಾಕ್ಕೆ ಡಾಕ್ಸಿಸೈಕ್ಲಿನ್ ಸೇರಿದ ಬೇರೆ ಔಷಧೋಪಚಾರವೇ ಬೇಕು, ಅದೂ ಕನಿಷ್ಠ 3 ತಿಂಗಳು. ಇನ್ನು ರೋಗ ಕ್ಷಯವೇ ಆಗಿದ್ದು ರಿಫಾಂಪಿಸಿನ್‌ಗೆ ಜಗ್ಗದ ತಳಿಯಾಗಿದ್ದರೆ ತಿಂಗಳುಗಟ್ಟಲೆ ನುಂಗಿದ ಗುಳಿಗೆ ವ್ಯರ್ಥ. ತುಣುಕು ಸಿಕ್ಕರೆ ಸಿಬಿನ್ಯಾಟ್ ಯಂತ್ರ ಸುಮಾರು 2 ಗಂಟೆಯಲ್ಲಿ ರೋಗ ಕ್ಷಯವೇ, ಇಂಥ ತಳಿಯೇ ಎಂಬುದರ ಸುಳಿವು ಕೊಡುತ್ತದೆ. ರೋಗಾಣು ಬೆಳೆಸಿ ನೋಡುವ ಕಲ್ಚರಿಗೆ 6 ವಾರದವರೆಗೂ ಕಾಯಬೇಕಾದೀತು. ಜ್ವರಕ್ಕೆಂದು ಲೆವೊಫ್ಲಾಕ್ಸಸಿನ್‌ನಂಥದನ್ನು ಮೊದಲೇ ಕೊಟ್ಟರೆ ರೋಗಾಣು ಅಡಗಿ ಪರೀಕ್ಷೆ ಸುಳ್ಳಾಗಬಹುದು. ಎಮ್ಮೆ ಸಾಕಿರುವುದನ್ನು ಡಾಕ್ಟರಿಗೆ ಹೇಳಿ, ಬ್ರುಸೆಲ್ಲಾದ ರಕ್ತಪರೀಕ್ಷೆಯನ್ನೂ ಮಾಡಿಸಿ.

ಇನ್ನು ಕಾಲು ಹೋಗುವ ಭಯದ ಮಾತು. ಬೆನ್ನುಹುರಿ ಸಾಮಾನ್ಯವಾಗಿ ನಡುವಿನ ಮೊದಲ ಅಥವಾ ಎರಡನೆಯ ಮಣಿಯ ಮಟ್ಟದಲ್ಲೇ ಮುಗಿಯುತ್ತದೆ. ಅದರ ಕೆಳಗೆ, ಸಿ.ಟಿ. ನೋಡುತ್ತ, ಜಾಗ ಮರಗಟ್ಟಿಸಿ, ಪಕ್ಕದಿಂದ ಸೂಜಿ ಹಾಕುತ್ತಾರೆ. ರಕ್ತಸ್ರಾವದ ಅಪಾಯ ಸ್ವಲ್ಪ ಇದ್ದೇ ಇದೆ. ಒಮ್ಮೊಮ್ಮೆ ಏನೂ ಸಿಗದೆ ಮತ್ತೆ ತೆಗೆಯಬೇಕಾಗುತ್ತದೆ. ಇದು ಆಪರೇಷನ್ ಅಲ್ಲ, ಎಲ್ಲರಿಗೂ ಆಪರೇಷನ್ ಬೇಕೂ ಇಲ್ಲ. ಬೆನ್ನೆಲುಬಿನ ಕ್ಷಯ ಹೆಚ್ಚಿನವರಲ್ಲಿ ಮನೆಯಲ್ಲೇ ಇದ್ದು ತೆಗೆದುಕೊಳ್ಳುವ ಗುಳಿಗೆಯಿಂದಲೇ ವಾಸಿಯಾಗುತ್ತದೆಂದು 1970ರ ದಶಕದಲ್ಲಿ ಆರಂಭವಾದ ಮದ್ರಾಸಿನ ಅಧ್ಯಯನ ತೋರಿಸಿತು. ಎಲುಬು ಕುಸಿದು ಬೆನ್ನು ಬಾಗುತ್ತಿದ್ದರೆ, ಕಾಲಿನ ಬಲ ಇಳಿಯುತ್ತಿದ್ದರೆ, ದೊಡ್ಡ ಕೀವು ಔಷಧಿಗೆ ಕರಗದಿದ್ದರೆ ಶಸ್ತ್ರಚಿಕಿತ್ಸೆ: ಕೀವು, ಸತ್ತ ಎಲುಬು ತೆಗೆದು, ಸೊಂಟದ ಎಲುಬನ್ನೋ ಲೋಹದ ಪಂಜರವನ್ನೋ ಕೂರಿಸಿ ಸ್ಕ್ರೂ ಬಿಗಿಯುತ್ತಾರೆ. ಕೀವಿದ್ದಲ್ಲಿ ಲೋಹವೇ ಎಂದರೆ, ಕ್ಷಯದ ರೋಗಾಣು ಅದಕ್ಕೆ ಅಂಟುವುದು ಕಡಿಮೆ. ಅಲುಗಾಡದ ಎಲುಬು ಬೇಗ ಕೂಡುತ್ತದೆ. ಆಪರೇಷನ್ ಆದರೂ ಗುಳಿಗೆ ತಪ್ಪುವುದಿಲ್ಲ, ಕ್ಷಯಕ್ಕೆ 12ರಿಂದ 18 ತಿಂಗಳು. ಈ ನಡುವೆ ಯಜಮಾನರಿಗೆ ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ ಅಪಾಯಿಂಟ್‌ಮೆಂಟ್ ಕಾಯದೆ ಅದೇ ರಾತ್ರಿ ಕೊಲ್ಲಾಪುರದ ಸಿಪಿಆರ್‌ನಂಥ ದೊಡ್ಡಾಸ್ಪತ್ರೆಗೆ ಕರೆದೊಯ್ಯಿರಿ.