ಪುಟ್ಟ ಜಲಾಂತರ್ಗಾಮಿಗೆ ತುಕ್ಕು ಹಿಡಿಸೋಣ ಬನ್ನಿ

ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಜಲಾಂತರ್ಗಾಮಿಯ ಮಾದರಿಯನ್ನು ನೀವು ನೋಡಿರುತ್ತೀರಿ. ಫಳಫಳ ಹೊಳೆಯುವ ಕಪ್ಪು ಬಣ್ಣ, ಮೇಲೊಂದು ಪುಟ್ಟ ಗೋಪುರ, ಹಿಂದೆ ಪ್ಲಾಸ್ಟಿಕ್ ಪಂಖ. ಅಂದವಾಗಿಯೇ ಇರುತ್ತದೆ. ಆದರೆ ದೂರದಿಂದ ನೋಡಿದೊಡನೆ ಅದು ಆಟಿಕೆ ಎಂದು ತಿಳಿದುಬಿಡುತ್ತದೆ, ಅಲ್ಲವೇ? ಏಕೆ ಹಾಗೆ? ಆಕಾರದಲ್ಲಿ ತಪ್ಪಿರುವುದಿಲ್ಲ. ತಪ್ಪಿರುವುದು ಬಣ್ಣದಲ್ಲಿ. ಸಮುದ್ರದಲ್ಲಿ ವರ್ಷಗಟ್ಟಲೆ ಓಡಾಡಿದ ಯಾವ ಹಡಗೂ ಹೊಸ ಪಾತ್ರೆಯಂತೆ ಹೊಳೆಯುವುದಿಲ್ಲ. ಉಪ್ಪುನೀರು, ಗಾಳಿ, ಬಿಸಿಲು, ಪಾಚಿ, ಚಿಪ್ಪುಜೀವಿಗಳು ಎಲ್ಲವೂ ಅದರ ಮೈಮೇಲೆ ತಮ್ಮ ಗುರುತು ಬಿಟ್ಟಿರುತ್ತವೆ. ಆ ಗುರುತುಗಳನ್ನು ಸರಿಯಾದ ಜಾಗದಲ್ಲಿ ಮೂಡಿಸಬೇಕಾದರೆ ಕುಂಚಕ್ಕಿಂತ ಮೊದಲು ವಿಜ್ಞಾನ ಬೇಕು.

ನಾವು ಮಾದರಿಗಾಗಿ ಒಂದು ನಿಜವಾದ ಜಲಾಂತರ್ಗಾಮಿಯನ್ನೇ ಆರಿಸಿಕೊಳ್ಳೋಣ. ಅದರ ಹೆಸರು ಐ.ಎನ್.ಎಸ್. ಕುರ್ಸುರಾ. ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಇದು 1969ರಲ್ಲಿ ಭಾರತದ ನೌಕಾಪಡೆಗೆ ಸೇರಿತು. 1971ರ ಯುದ್ಧದಲ್ಲಿ ಕಾವಲು ಕೆಲಸ ಮಾಡಿತು. 2001ರಲ್ಲಿ ನಿವೃತ್ತಿಯಾಯಿತು. 2002ರಲ್ಲಿ ಅದನ್ನು ವಿಶಾಖಪಟ್ಟಣದ ರಾಮಕೃಷ್ಣ ಕಡಲತೀರಕ್ಕೆ ಎಳೆದು ತಂದು ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಟಿಕೆಟ್ ಕೊಂಡು ಅದರ ಹೊಟ್ಟೆಯೊಳಗೆ ಹೋಗಿ ಬರಬಹುದು. ಉದ್ದ 91.3 ಮೀಟರ್, ಅಗಲ 7.5 ಮೀಟರ್. ಗೋಪುರದ ಮೇಲೆ ಬಿಳಿ ಬಣ್ಣದಲ್ಲಿ ಎಸ್ 20 ಎಂಬ ಅದರ ಗುರುತುಸಂಖ್ಯೆ ಇದೆ.

ಅಳತೆ 1:200 ಇರಲಿ. ಅಂದರೆ ನಿಜದ 200 ಸೆಂ.ಮೀ. ನಮ್ಮ ಮಾದರಿಯಲ್ಲಿ 1 ಸೆಂ.ಮೀ. ಲೆಕ್ಕ ಮಾಡಿ ನೋಡಿ: ಉದ್ದ ಸುಮಾರು 46 ಸೆಂ.ಮೀ., ಅಗಲ 3.75 ಸೆಂ.ಮೀ. ಹೊಲಕ್ಕೆ ನೀರು ಹಾಯಿಸುವ 40 ಮಿ.ಮೀ. ಪಿ.ವಿ.ಸಿ. ಪೈಪಿನ ತುಂಡು ಇದಕ್ಕೆ ಹೆಚ್ಚು ಕಡಿಮೆ ಸರಿಹೊಂದುತ್ತದೆ. ನೆನೆಸಿ ಅರೆದ ಕಾಗದಕ್ಕೆ ಗೋಂದು ಕಲಸಿ ಮುಂಭಾಗವನ್ನು ದುಂಡಗೆ, ಹಿಂಭಾಗವನ್ನು ಚೂಪಾಗಿ ಮಾಡಿಕೊಳ್ಳಿ. ಗೋಪುರಕ್ಕೆ ರಟ್ಟು ಸಾಕು. ಎಲ್ಲ ಒಣಗಿದ ಮೇಲೆ ಉಪ್ಪುಕಾಗದದಿಂದ ಪೈಪನ್ನು ಚೆನ್ನಾಗಿ ಉಜ್ಜಿ. ನುಣುಪಾದ ಪ್ಲಾಸ್ಟಿಕ್ಕಿಗೆ ಬಣ್ಣ ಹಿಡಿಯುವುದಿಲ್ಲ.

ಇನ್ನು ಬಣ್ಣದ ಡಬ್ಬಿ ತೆಗೆಯುವ ಮುಂಚೆ ಒಂದು ಪ್ರಶ್ನೆ. ನಿಮ್ಮ ಮಾದರಿಯನ್ನು ಅರ್ಧ ಮೀಟರ್ ದೂರದಿಂದ ನೋಡುತ್ತೀರಿ ಎಂದುಕೊಳ್ಳಿ. ಅಳತೆಯ ಪ್ರಕಾರ ಅದು ನಿಜವಾದ ಕುರ್ಸುರಾವನ್ನು ಎಷ್ಟು ದೂರದಿಂದ ನೋಡಿದ ಹಾಗೆ? ಅರ್ಧ ಮೀಟರನ್ನು 200ರಿಂದ ಗುಣಿಸಿ. ನೂರು ಮೀಟರ್! ನೂರು ಮೀಟರ್ ದೂರದ ಕಪ್ಪು ವಸ್ತು ಕಡುಕಪ್ಪಾಗಿ ಕಾಣುವುದಿಲ್ಲ. ನಡುವೆ ಇರುವ ಗಾಳಿ, ಹಬೆ, ದೂಳು ಬೆಳಕನ್ನು ಚದುರಿಸಿ ಸ್ವಲ್ಪ ಬಿಳುಪನ್ನು ಸೇರಿಸುತ್ತವೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ನಿಮಗೆ ಗೊತ್ತು. ದೂರದ ಬೆಟ್ಟ ಹಸಿರಾಗಿ ಕಾಣದೆ ನೀಲಿ ಬೂದಿಯಾಗಿ ಕಾಣುವುದೂ ಇದೇ ಕಾರಣಕ್ಕೆ. ಆದ್ದರಿಂದ ಡಬ್ಬಿಯಿಂದ ತೆಗೆದ ಕಪ್ಪನ್ನೇ ಬಳಿಯಬೇಡಿ. ಹತ್ತು ಪಾಲು ಕಪ್ಪಿಗೆ ಒಂದೆರಡು ಪಾಲು ಬಿಳಿ ಸೇರಿಸಿ. ಹೊಳೆಯುವ ಬಣ್ಣವೂ ಬೇಡ.

ಬೇಕಾಗುವುದು ಹೆಚ್ಚೇನಿಲ್ಲ. ಕಪ್ಪು, ಬಿಳಿ, ಕೆಂಪು, ಕಂದು, ಹಸಿರು ಪೋಸ್ಟರ್ ಬಣ್ಣ, ಫೆವಿಕಾಲ್, ಮೇಣದ ಬತ್ತಿಯ ತುಂಡು, ಒಂದು ದಪ್ಪ ಕುಂಚ, ಒಂದು ಅತಿ ಸಣ್ಣ ಕುಂಚ, ಸ್ಪಂಜು, ಹಳೆಯ ಬಟ್ಟೆ. ಪೋಸ್ಟರ್ ಬಣ್ಣ ಒಣಗಿದ ಮೇಲೂ ನೀರು ತಾಗಿದರೆ ಕರಗುತ್ತದೆ. ಸ್ವಲ್ಪ ಫೆವಿಕಾಲ್ ಬೆರೆಸಿದರೆ ಅಷ್ಟು ಸುಲಭವಾಗಿ ಕರಗದು.

ಈಗ ತುಕ್ಕಿನ ವಿಷಯಕ್ಕೆ ಬರೋಣ. ಹೆಚ್ಚಿನ ಮಕ್ಕಳು ಮಾಡುವುದೇನೆಂದರೆ, ಕಂದು ಬಣ್ಣವನ್ನು ಎಲ್ಲ ಕಡೆಗೂ ಸಮನಾಗಿ ಮೆತ್ತಿಬಿಡುತ್ತಾರೆ. ಅದು ತುಕ್ಕಿನಂತೆ ಕಾಣುವುದಿಲ್ಲ, ಕೆಸರಿನಂತೆ ಕಾಣುತ್ತದೆ. ತುಕ್ಕು ತನಗೆ ಬೇಕಾದ ಜಾಗವನ್ನು ಆರಿಸಿಕೊಳ್ಳುತ್ತದೆ. ಕಬ್ಬಿಣ, ನೀರು, ಆಮ್ಲಜನಕ ಮೂರೂ ಒಟ್ಟಿಗೆ ಸೇರಿದಲ್ಲಿ ಮಾತ್ರ ತುಕ್ಕು ಹುಟ್ಟುತ್ತದೆ. ಉಪ್ಪು ಕರಗಿದ ನೀರಿನಲ್ಲಿ ವಿದ್ಯುತ್ ಸುಲಭವಾಗಿ ಹರಿಯುವುದರಿಂದ ಕೆಲಸ ಇನ್ನೂ ವೇಗವಾಗುತ್ತದೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪುಗಳಿರುತ್ತವೆ.

ಹಾಗಾದರೆ ಹಡಗಿನ ಯಾವ ಭಾಗಕ್ಕೆ ಬೇಗ ತುಕ್ಕು ಹಿಡಿಯಬೇಕು? ಸದಾ ನೀರಿನಲ್ಲೇ ಮುಳುಗಿರುವ ಭಾಗಕ್ಕೋ, ಅಲೆ ಎರಚಿ ಒದ್ದೆಯಾಗುತ್ತಾ ಒಣಗುತ್ತಾ ಇರುವ ಭಾಗಕ್ಕೋ? ಉತ್ತರವನ್ನು ನೀವೇ ಕಂಡುಕೊಳ್ಳಿ. ಎರಡು ಕಬ್ಬಿಣದ ಮೊಳೆಗಳನ್ನು ಉಪ್ಪುಕಾಗದದಿಂದ ಹೊಳೆಯುವಂತೆ ಉಜ್ಜಿ. ಒಂದು ಲೋಟ ನೀರಿಗೆ ಒಂದು ಟೀ ಚಮಚ ತುಂಬ ಉಪ್ಪು ಕರಗಿಸಿ. ಒಂದು ಮೊಳೆಯನ್ನು ಲೋಟದ ತಳದಲ್ಲೇ ಬಿಡಿ. ಇನ್ನೊಂದನ್ನು ದಿನಕ್ಕೆ ನಾಲ್ಕೈದು ಸಲ ಅದ್ದಿ ತೆಗೆದು ತಟ್ಟೆಯಲ್ಲಿ ಇಡಿ. ಒಂದು ವಾರದ ಬಳಿಕ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒದ್ದೆಯಾಗಿ ಒಣಗುವ ಮೊಳೆಗೆ ನೀರೂ ಸಿಗುತ್ತದೆ, ಗಾಳಿಯ ಆಮ್ಲಜನಕವೂ ಧಾರಾಳವಾಗಿ ಸಿಗುತ್ತದೆ. ತಳದಲ್ಲಿರುವ ಮೊಳೆಗೆ ಸಿಗುವುದು ನೀರಿನಲ್ಲಿ ಕರಗಿದ ಅಲ್ಪ ಆಮ್ಲಜನಕ ಮಾತ್ರ. ಹಡಗುಗಳಲ್ಲಿ, ಬಂದರಿನ ಉಕ್ಕಿನ ಕಂಬಗಳಲ್ಲಿ ನೀರಿನ ಮಟ್ಟದಿಂದ ಸ್ವಲ್ಪ ಮೇಲೆ, ಅಲೆ ಎರಚುವ ಪಟ್ಟಿಯಲ್ಲೇ ತುಕ್ಕು ಹೆಚ್ಚು ಕಾಡುತ್ತದೆ. ನಿಮ್ಮ ಮಾದರಿಯಲ್ಲೂ ತುಕ್ಕಿನ ಗುರುತು ಹೆಚ್ಚಾಗಿ ಇರಬೇಕಾದದ್ದು ಅಲ್ಲೇ. (ತುಕ್ಕು ಹಿಡಿದ ಮೊಳೆ ಕೈಗೆ ಚುಚ್ಚದಂತೆ ಎಚ್ಚರ. ಚುಚ್ಚಿದರೆ ಕೂಡಲೇ ದೊಡ್ಡವರಿಗೆ ಹೇಳಿ.)

ಕಬ್ಬಿಣಕ್ಕಿಂತ ಅದರ ತುಕ್ಕು ಹೆಚ್ಚು ಜಾಗ ಬೇಡುತ್ತದೆ. ಬಣ್ಣದ ಪದರದಡಿ ಒಂದು ಚುಕ್ಕೆ ತುಕ್ಕು ಹುಟ್ಟಿದರೆ ಅದು ಉಬ್ಬಿ ಬಣ್ಣವನ್ನೇ ಮೇಲಕ್ಕೆತ್ತಿ ಒಡೆಯುತ್ತದೆ. ಇದನ್ನು ಮಾದರಿಯಲ್ಲಿ ತೋರಿಸಲು ಒಂದು ಸುಲಭ ಉಪಾಯವಿದೆ. ಮೊದಲು ಮಾದರಿಗೆ ಪೂರ್ತಿಯಾಗಿ ಕಂದು ಬಣ್ಣ ಬಳಿದು ಒಣಗಿಸಿ. ಅಂಚುಗಳು, ಮೂಲೆಗಳು, ಜನ ಓಡಾಡುವ ಮೇಲ್ಭಾಗ ಮುಂತಾದ, ಬಣ್ಣ ಸವೆಯುವ ಜಾಗಗಳಲ್ಲಿ ಮಾತ್ರ ಮೇಣದ ಬತ್ತಿಯನ್ನು ಹಗುರವಾಗಿ ಉಜ್ಜಿ. ಅದರ ಮೇಲೆ ನಿಮ್ಮ ಕಪ್ಪು ಬೂದಿ ಬಣ್ಣವನ್ನು ಸ್ಪಂಜಿನಿಂದ ತಟ್ಟಿ. ಮೇಣ ನೀರನ್ನು ಹತ್ತಿರ ಸೇರಿಸುವುದಿಲ್ಲವಾದ್ದರಿಂದ ಅಲ್ಲಿ ಬಣ್ಣ ಗಟ್ಟಿಯಾಗಿ ಕೂರದು. ಒಣಗಿದ ಮೇಲೆ ಒಣಬಟ್ಟೆಯಿಂದ ಉಜ್ಜಿದರೆ ಆ ಜಾಗದಲ್ಲಿ ಬಣ್ಣ ಎದ್ದು ಬಂದು ಕೆಳಗಿನ ಕಂದು ಇಣುಕುತ್ತದೆ. ನಿಜವಾದ ಹಡಗಿನಲ್ಲಿ ಆಗುವುದೂ ಇದೇ ಕ್ರಮದಲ್ಲಿ.

ಜಲಾಂತರ್ಗಾಮಿಗೆ ಮಾತ್ರ ಇರುವ ಒಂದು ವಿಶೇಷವನ್ನು ಇಲ್ಲಿ ತಿಳಿದುಕೊಳ್ಳಬೇಕು. ಕುರ್ಸುರಾದಂಥ ಜಲಾಂತರ್ಗಾಮಿಗೆ ಎರಡು ಮೈ. ಒಳಗಿನದು ದಪ್ಪ ಉಕ್ಕಿನ ಗಟ್ಟಿ ಕೊಳವೆ. ನಾವಿಕರು ಇರುವುದು ಅದರೊಳಗೆ. ಹೊರಗಿನದು ತೆಳುವಾದ ಕವಚ. ಎರಡರ ನಡುವೆ ನೀರು ತುಂಬುವ ತೊಟ್ಟಿಗಳಿರುತ್ತವೆ. ತೊಟ್ಟಿಗೆ ನೀರು ತುಂಬಿದರೆ ಮುಳುಗುತ್ತದೆ, ಗಾಳಿ ಊದಿ ನೀರನ್ನು ಹೊರದೂಡಿದರೆ ತೇಲುತ್ತದೆ. ಕವಚದ ಮೇಲ್ಭಾಗದ ಬದಿಗಳಲ್ಲಿ ಸಾಲುಸಾಲಾಗಿ ರಂಧ್ರಗಳಿರುತ್ತವೆ. ಮುಳುಗುವಾಗ ನೀರು ಅವುಗಳ ಮೂಲಕ ಒಳಬರುತ್ತದೆ, ಮೇಲೆದ್ದಾಗ ಧಾರೆಯಾಗಿ ಹೊರಸುರಿಯುತ್ತದೆ. ಹಾಗಾದರೆ ತುಕ್ಕಿನ ಗೆರೆಗಳು ಎಲ್ಲಿ ಮೂಡಬೇಕು ಹೇಳಿ? ಹೌದು, ಪ್ರತಿ ರಂಧ್ರದ ಕೆಳತುದಿಯಿಂದ ಕೆಳಮುಖವಾಗಿ.

ತುಕ್ಕಿನ ಗೆರೆ ಯಾವಾಗಲೂ ಗುರುತ್ವಾಕರ್ಷಣೆಯನ್ನು ಅನುಸರಿಸುತ್ತದೆ. ಇದು ನೋಡಲು ವಿಶಾಖಪಟ್ಟಣಕ್ಕೇ ಹೋಗಬೇಕಿಲ್ಲ. ಶಾಲೆಯ ಗೇಟು, ಕೈಪಂಪು, ಹಳೆಯ ಟ್ರ್ಯಾಕ್ಟರ್ ಟ್ರೇಲರ್, ನೀರಿನ ಟ್ಯಾಂಕಿನ ಕಬ್ಬಿಣದ ಏಣಿ ಇವುಗಳ ಮುಂದೆ ನಿಂತು ಚಿತ್ರ ಬರೆದುಕೊಳ್ಳಿ. ಬೋಲ್ಟಿನ ಬುಡದಲ್ಲಿ ಗೆರೆ ಗಾಢವಾಗಿರುತ್ತದೆ, ಕೆಳಗಿಳಿದಂತೆ ತೆಳುವಾಗಿ ಮಾಯವಾಗುತ್ತದೆ. ಕಾರವಾರದ ಕಡಲತೀರದಲ್ಲಿ ಪ್ರದರ್ಶನಕ್ಕಿಟ್ಟಿರುವ ಚಪಲ್ ಯುದ್ಧನೌಕೆಯನ್ನು ನೋಡುವ ಅವಕಾಶ ಸಿಕ್ಕವರು ಅದನ್ನೂ ಈ ದೃಷ್ಟಿಯಿಂದ ನೋಡಬಹುದು.

ಗೆರೆ ಎಳೆಯುವಾಗ ಅಳತೆ ಮರೆಯಬೇಡಿ. ನಿಜವಾದ ಹಡಗಿನಲ್ಲಿ ಒಂದು ಮೀಟರ್ ಉದ್ದದ ತುಕ್ಕಿನ ಗೆರೆ ನಿಮ್ಮ ಮಾದರಿಯಲ್ಲಿ 5 ಮಿ.ಮೀ. ಮಾತ್ರ. ಹತ್ತು ಸೆಂ.ಮೀ. ಅಗಲದ ಗೆರೆ ಅರ್ಧ ಮಿ.ಮೀ. ನೀವು ಒಂದು ಸೆಂ.ಮೀ. ಅಗಲದ ಕಂದು ಮಚ್ಚೆ ಹಾಕಿದರೆ ಅದು ಎರಡು ಮೀಟರ್ ಅಗಲದ ತುಕ್ಕು! ಅಂಥ ಹಡಗನ್ನು ಯಾವ ಕ್ಯಾಪ್ಟನ್ನೂ ಮುಳುಗಿಸಲಾರ.

ಅದೇಕೆಂದು ಕೇಳುತ್ತೀರಾ? ನೀರಿನಲ್ಲಿ ಪ್ರತಿ 10 ಮೀಟರ್ ಆಳಕ್ಕೆ ಪ್ರತಿ ಚದರ ಸೆಂ.ಮೀ. ಮೇಲೆ ಸುಮಾರು 1 ಕಿಲೋಗ್ರಾಂ ಭಾರದಷ್ಟು ಒತ್ತಡ ಹೆಚ್ಚುತ್ತದೆ. 200 ಮೀಟರ್ ಆಳದಲ್ಲಿ ಅದು 20 ಕಿಲೋ. ಒಂದು ಅಂಚೆ ಕಾರ್ಡಿನ ಉದ್ದ 14 ಸೆಂ.ಮೀ., ಅಗಲ 9 ಸೆಂ.ಮೀ. ಅಷ್ಟು ಜಾಗದ ಮೇಲೆ ಎರಡೂವರೆ ಟನ್ನಿನಷ್ಟು ಭಾರ ಬೀಳುತ್ತದೆ. ಒಳಗಿನ ಉಕ್ಕು ತುಕ್ಕಿನಿಂದ ತೆಳುವಾದರೆ ಒಳಗಿರುವ ಎಪ್ಪತ್ತು ಎಂಬತ್ತು ಮಂದಿಯ ಪ್ರಾಣಕ್ಕೇ ಅಪಾಯ. ಆದ್ದರಿಂದಲೇ ಜಲಾಂತರ್ಗಾಮಿಗಳನ್ನು ಆಗಾಗ ನೀರಿನಿಂದ ಹೊರತಂದು, ಉಕ್ಕಿನ ದಪ್ಪವನ್ನು ಅಳೆದು, ಕೆರೆದು, ಮತ್ತೆ ಬಣ್ಣ ಬಳಿಯುತ್ತಾರೆ. ಹೊರಕವಚದ ಮೇಲಿನ ನಾಲ್ಕು ಗೆರೆ ತುಕ್ಕು ಸಹಜ. ಮೈತುಂಬ ತುಕ್ಕು ಗುಜರಿ ಹಡಗಿನ ಲಕ್ಷಣ.

ಇನ್ನು ನೀರಿನ ಮಟ್ಟದ ಕೆಳಗಿನ ಭಾಗ. ಎಷ್ಟೋ ಹಡಗುಗಳ ತಳಕ್ಕೆ ಇಟ್ಟಿಗೆಯಂಥ ಕೆಂಪು ಬಣ್ಣ ಇರುವುದನ್ನು ಚಿತ್ರಗಳಲ್ಲಿ ನೋಡಿರಬಹುದು. ಅದು ಅಲಂಕಾರಕ್ಕಲ್ಲ. ಆ ಬಣ್ಣದಲ್ಲಿ ಬೆರೆಸುವ ತಾಮ್ರದ ಆಕ್ಸೈಡೇ ಕೆಂಪು. ಅದು ನಿಧಾನವಾಗಿ ಕರಗುತ್ತಾ, ಹಡಗಿಗೆ ಅಂಟಿಕೊಳ್ಳಲು ಬರುವ ಪಾಚಿ, ಚಿಪ್ಪುಜೀವಿಗಳನ್ನು ದೂರವಿಡುತ್ತದೆ. ಅವುಗಳಲ್ಲಿ ಮುಖ್ಯವಾದದ್ದು ಬಾರ್ನಕಲ್. ನೋಡಲು ಪುಟ್ಟ ಸುಣ್ಣದ ಗುಡ್ಡೆಯಂತಿದ್ದರೂ ಇದು ಸಿಗಡಿ, ಏಡಿಗಳ ಬಂಧು. ಚಾರ್ಲ್ಸ್ ಡಾರ್ವಿನ್ 1846ರಿಂದ ಎಂಟು ವರ್ಷ ಇವುಗಳನ್ನೇ ಅಭ್ಯಾಸ ಮಾಡಿದ! ಮಲ್ಪೆ, ಕಾರವಾರದ ಕಡೆಯ ಮಕ್ಕಳು ದಡಕ್ಕೆಳೆದ ದೋಣಿಗಳ ತಳದಲ್ಲಿ ಇವುಗಳನ್ನು ಕಂಡಿರುತ್ತೀರಿ. ಇವು ಮುತ್ತಿದರೆ ಹಡಗಿನ ಮೈ ಒರಟಾಗಿ ವೇಗ ತಗ್ಗುತ್ತದೆ, ಇಂಧನ ಹೆಚ್ಚು ಬೇಕಾಗುತ್ತದೆ.

ಇದರ ಹಿಂದೆ ಒಂದು ಸ್ವಾರಸ್ಯದ ಕಥೆ ಇದೆ. ಹಿಂದೆ ಬ್ರಿಟಿಷ್ ನೌಕಾಪಡೆಯ ಮರದ ಹಡಗುಗಳ ತಳಕ್ಕೆ ತಾಮ್ರದ ತಗಡು ಹೊದಿಸುತ್ತಿದ್ದರು. ಸಮುದ್ರದ ನೀರು ತಾಮ್ರವನ್ನು ತಿಂದುಹಾಕುತ್ತಿತ್ತು. 1824ರಲ್ಲಿ ಹಂಫ್ರಿ ಡೇವಿ ಎಂಬ ವಿಜ್ಞಾನಿ ತಗಡಿಗೆ ಸತು ಇಲ್ಲವೇ ಕಬ್ಬಿಣದ ಸಣ್ಣ ತುಂಡುಗಳನ್ನು ಜೋಡಿಸಿದರೆ, ಅವೇ ಕರಗಿ ತಾಮ್ರ ಉಳಿಯುತ್ತದೆ ಎಂದು ತೋರಿಸಿದ. ತಾಮ್ರವೇನೋ ಉಳಿಯಿತು. ಆದರೆ ಹಡಗಿನ ತಳಕ್ಕೆ ಪಾಚಿ, ಚಿಪ್ಪು ಮುತ್ತಿಕೊಂಡವು! ಕರಗುತ್ತಿದ್ದ ತಾಮ್ರವೇ ಅಲ್ಲಿಯವರೆಗೆ ಅವುಗಳನ್ನು ತಡೆಯುತ್ತಿತ್ತು. ನೌಕಾಪಡೆ ಆ ಉಪಾಯವನ್ನು ಕೈಬಿಟ್ಟಿತು. ಡೇವಿಯ ತತ್ವ ಮಾತ್ರ ಸತ್ಯವಾಗಿಯೇ ಇತ್ತು. ಉಕ್ಕಿನ ಹಡಗುಗಳಿಗೆ ಇಂದಿಗೂ ಸತುವಿನಂಥ ಲೋಹದ ಗಟ್ಟಿಗಳನ್ನು ಜೋಡಿಸುತ್ತಾರೆ. ಪಾಚಿ ತಡೆಯಲು ತವರದ ಸಂಯುಕ್ತಗಳನ್ನು ಬೆರೆಸಿದ ಬಣ್ಣವೂ ಬಹಳ ಕಾಲ ಬಳಕೆಯಲ್ಲಿತ್ತು. ಅದು ಸಿಂಪಿ, ಶಂಖದಹುಳು ಮುಂತಾದ ಜೀವಿಗಳಿಗೆ ಹಾನಿ ಮಾಡುವುದು ತಿಳಿದ ಮೇಲೆ ಅಂತರರಾಷ್ಟ್ರೀಯ ಒಪ್ಪಂದವೊಂದು ಅದನ್ನು ನಿಷೇಧಿಸಿತು. ಒಪ್ಪಂದ ಜಾರಿಗೆ ಬಂದದ್ದು 2008ರಲ್ಲಿ.

ಮಾದರಿಗೆ ಮರಳೋಣ. ತಳಕ್ಕೆ ಕೆಂಪಿಗೆ ಕಂದು ಬೆರೆಸಿ ಬಳಿಯಿರಿ. ನೀರಿನ ಮಟ್ಟದಲ್ಲಿ ಬಹಳ ತೆಳುವಾದ ಹಸಿರು ಪಟ್ಟಿ ಇರಲಿ. ಸೂರ್ಯನ ಬೆಳಕಿಲ್ಲದೆ ಪಾಚಿ ಬೆಳೆಯದು, ಹಾಗಾಗಿ ಹಸಿರು ಮೇಲೆ ಹೆಚ್ಚು, ಕೆಳಗಿಳಿದಂತೆ ಕಡಿಮೆ. ಪ್ರೊಪೆಲ್ಲರ್‌ಗೆ ಮಾತ್ರ ತುಕ್ಕಿನ ಬಣ್ಣ ಬೇಡ. ಕುರ್ಸುರಾಕ್ಕೆ ಮೂರು ಪ್ರೊಪೆಲ್ಲರ್‌ಗಳು. ಹಡಗಿನ ಪ್ರೊಪೆಲ್ಲರನ್ನು ಸಾಮಾನ್ಯವಾಗಿ ತಾಮ್ರದ ಮಿಶ್ರಲೋಹದಿಂದ ಮಾಡುತ್ತಾರೆ. ತಾಮ್ರದ ಬಿಂದಿಗೆಗೆ ಹಿಡಿಯುವುದು ಕೆಂಪು ತುಕ್ಕಲ್ಲ, ಹಸಿರು ಕಿಲುಬು. ಮಂಕಾದ ಹಳದಿಯ ಮೇಲೆ ಒಂದಿಷ್ಟು ಹಸಿರು ಛಾಯೆ ಸಾಕು.

ಕೊನೆಗೆ ಕೊಳೆ ಮತ್ತು ಉಪ್ಪಿನ ಕಲೆ. ಒಂದು ಹನಿ ಕಪ್ಪು ಬಣ್ಣವನ್ನು ಹತ್ತು ಹನಿ ನೀರಿನಲ್ಲಿ ಕದಡಿ, ಸೂಜಿಮೊನೆಯಷ್ಟು ಸಾಬೂನು ಸೇರಿಸಿ. ಸಾಬೂನು ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುವುದರಿಂದ ಬಣ್ಣ ಗುಂಡಾಗಿ ನಿಲ್ಲದೆ ಗೀರು, ಸಂದುಗಳಿಗೆ ತಾನೇ ಹರಿದು ಕೂರುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದೇ ಲೋಮನಾಳ ಕ್ರಿಯೆಯಿಂದ. ಉಪ್ಪಿನ ಕಲೆಗೆ ಬಿಳಿ ಬಣ್ಣವನ್ನು ಹಾಗೆಯೇ ತೆಳುವಾಗಿಸಿ ಗೋಪುರದ ಬುಡದಲ್ಲಿ ಒಂದೆರಡು ಹನಿ ಬಿಡಿ. ಮುಟ್ಟದೆ ಒಣಗಲು ಬಿಟ್ಟರೆ ಹನಿಯ ಅಂಚಿನಲ್ಲಿ ಬಿಳಿ ಉಂಗುರ ಮೂಡುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿಯ ಕಲೆ ನೆನಪಿಸಿಕೊಳ್ಳಿ. ಅಂಚಿನಲ್ಲಿ ನೀರು ಬೇಗ ಆವಿಯಾಗುತ್ತದೆ. ಆ ಕೊರತೆ ತುಂಬಲು ನಡುವಿನ ನೀರು ಕಣಗಳನ್ನು ಹೊತ್ತುಕೊಂಡು ಅಂಚಿಗೆ ಹರಿಯುತ್ತದೆ. ಕಣಗಳು ಅಲ್ಲೇ ಉಳಿಯುತ್ತವೆ.

ಒಂದು ಮಾತನ್ನು ಬಣ್ಣ ಬಳಿಯುವ ಮೊದಲೇ ಗುಂಪಿನಲ್ಲಿ ನಿರ್ಧರಿಸಿಕೊಳ್ಳಿ. ನಿಮ್ಮ ಕುರ್ಸುರಾ ಯಾವ ವರ್ಷದ್ದು? 1971ರದ್ದಾದರೆ ಸಮುದ್ರದಲ್ಲಿದ್ದ ಹಡಗು. ಅಲೆಯ ಪಟ್ಟಿ, ಪಾಚಿ, ರಂಧ್ರಗಳ ಕೆಳಗಿನ ಗೆರೆ ಎಲ್ಲ ಬೇಕು. ಈಗ ಕಡಲತೀರದಲ್ಲಿ ನಿಂತಿರುವ ಹಡಗಾದರೆ ಪಾಚಿಯ ಪಟ್ಟಿಗೆ ಕಾರಣವೇ ಇಲ್ಲ. ಅದನ್ನು ಕಾಡುವುದು ಮಳೆನೀರು ಮತ್ತು ಉಪ್ಪು ಹೊತ್ತ ಕಡಲಗಾಳಿ. ಮಾದರಿಯ ಕೆಳಗೆ ಅಂಟಿಸುವ ಚೀಟಿಯಲ್ಲಿ ಹೆಸರು, ಅಳತೆಯ ಜೊತೆಗೆ ಆ ವರ್ಷವನ್ನೂ ಬರೆಯಿರಿ. ಪ್ರದರ್ಶನಕ್ಕೆ ಬಂದವರು ಯಾವುದಾದರೂ ಕಲೆಯತ್ತ ಬೆರಳು ತೋರಿಸಿ ಇದು ಇಲ್ಲೇಕೆ ಎಂದು ಕೇಳಿದರೆ ಉತ್ತರ ನಿಮ್ಮ ಬಳಿ ಸಿದ್ಧವಿರಲಿ.