ಹುಲ್ಲುಕಡ್ಡಿಯನ್ನೆತ್ತಿದ ಕೂಸು



ಕುಮಾರಪಟ್ಟಣದಿಂದ ತುಂಗಭದ್ರೆಯನ್ನು ದಾಟಿದರೆ ಹರಿಹರ. ಆ ಸ್ಥಳಪುರಾಣದಲ್ಲಿ ಗುಹಾಸುರನ ಕಥೆಯುಂಟು. ಹರಿಯಿಂದಾಗಲಿ ಹರನಿಂದಾಗಲಿ ಸಾಯದಂತೆ ಅವನು ವರ ಪಡೆದದರಿಂದ, ಅವರಿಬ್ಬರೂ ಒಂದೇ ರೂಪ ತಾಳಿ ಅವನನ್ನು ಕೊಂದರೆಂದು ಹೇಳುತ್ತಾರೆ. ಇಂಥ ಕಥೆಗಳನ್ನು ಮಕ್ಕಳು ಹೆದರಿ ಮುದುರಿಕೊಂಡು ಕೇಳುತ್ತಾರೆ. ಮುಗಿದ ಕೂಡಲೇ “ಇನ್ನೊಂದು” ಅನ್ನುತ್ತಾರೆ. ಇದೇಕೆ? ಮಗುವೇ ಕೇಡಿಗೆ ಎದುರುನಿಲ್ಲುವ ಎರಡು ಕಥೆಗಳನ್ನು ನಾವು ವಿಚಾರಿಸೋಣ.

1. ಮೊದಲನೆಯದು ಮಹಾಭಾರತದ ಆದಿಪರ್ವದಲ್ಲಿದೆ. ಏಕಚಕ್ರಪುರದ ಒಂದು ಮನೆಗೆ, ಬಕಾಸುರನಿಗೆ ಅನ್ನದ ಸಂಗಡ ಒಬ್ಬ ಮನುಷ್ಯನನ್ನು ಕಳುಹಿಸುವ ಸರದಿ ಬಂತು. ತಂದೆ, ತಾಯಿ, ಮಗಳು, ಪ್ರತಿಯೊಬ್ಬರೂ ತಾನೇ ಹೋಗುವೆನೆಂದು ಅಳುತ್ತಿರಲು, ತೊದಲುನುಡಿಯ ಚಿಕ್ಕ ಮಗನು ಹುಲ್ಲುಕಡ್ಡಿಯೊಂದನ್ನೆತ್ತಿ, ಇದರಿಂದಲೇ ರಾಕ್ಷಸನನ್ನು ಕೊಲ್ಲುವೆನೆಂದನು. ಅಂಥ ದುಃಖದಲ್ಲಿಯೂ ಅವರಿಗೆ ಹರ್ಷವಾಯಿತು. ಆಗಲೇ ಕುಂತಿಯು ಹತ್ತಿರ ಬಂದು ಕಾರಣ ಕೇಳಿದಳು, ಭೀಮನನ್ನು ಕಳುಹಿಸಿದಳು. ಅವನು ಬೆನ್ನಿಗೆ ಗುದ್ದು ಬೀಳುತ್ತಿದ್ದರೂ ಅನ್ನವನ್ನೆಲ್ಲಾ ತಾನೇ ಉಂಡು, ಆಮೇಲೆ ಬಕನನ್ನು ಕೊಂದನು.

2. ಎರಡನೆಯದು ಆಂಗ್ಲ ಗ್ರಂಥಕರ್ತ ನೀಲ್ ಗೈಮನ್ 2002ರಲ್ಲಿ ಪ್ರಕಟಿಸಿದ ‘ಕೊರಲೈನ್’. ಆ ಹುಡುಗಿಯ ಮನೆಯ ಒಂದು ಬಾಗಿಲಾಚೆ, ಕಣ್ಣಿನ ಸ್ಥಾನದಲ್ಲಿ ಕರೀ ಗುಂಡಿಗಳುಳ್ಳ ‘ಇನ್ನೊಬ್ಬ ತಾಯಿ’ ಇದ್ದಾಳೆ. ಅವಳು ನಿಜವಾದ ತಂದೆತಾಯಿಗಳನ್ನು ಅಪಹರಿಸಲು, ಹುಡುಗಿಯು ಪೊಲೀಸರಿಗೆ ತಿಳಿಸುತ್ತಾಳೆ. ಅವರೋ ದುಃಸ್ವಪ್ನವೆಂದೆಣಿಸಿ, ತಾಯಿಯಿಂದ ಬಿಸಿ ಚಾಕಲೇಟು ಮಾಡಿಸಿಕೊಂಡು ಕುಡಿಯೆನ್ನುತ್ತಾರೆ! ಹೀಗಿರಲು ಅವಳೇ ಹೋಗಿ ಅವರನ್ನು ಬಿಡಿಸುತ್ತಾಳೆ. ಬೆನ್ನಟ್ಟಿ ಬಂದ ಮಾಯಾಹಸ್ತವನ್ನು, ಹಾಳುಬಾವಿಯ ಮೇಲೆ ಬಟ್ಟೆ ಹಾಸಿ, ಗೊಂಬೆಗಳ ಚಹಾದಾಟ ಹೂಡಿ, ಒಳಗೆ ಬೀಳಿಸುತ್ತಾಳೆ.

ಇವುಗಳಿಂದ ನಾವು ಕಲಿಯತಕ್ಕದ್ದೇನು? ನಗುವು ಕೇಡನ್ನು ಇಲ್ಲವೆನ್ನುವದಿಲ್ಲ. ಅದು ತೋರಿಸಿಕೊಳ್ಳುವಷ್ಟು ದೊಡ್ಡದಲ್ಲವೆಂದು ತಿಳಿಸುತ್ತದೆ. ಹೆದರಿಕೆಯಿಲ್ಲದಿರುವದು ಧೈರ್ಯವಲ್ಲ, ಹೆದರಿಯೂ ಮಾಡತಕ್ಕದ್ದನ್ನು ಮಾಡುವದೇ ಧೈರ್ಯ. ಆದರೂ ಹುಲ್ಲುಕಡ್ಡಿಯು ಬಕನನ್ನು ಕೊಲ್ಲಲಿಲ್ಲ. ಅಳುವನ್ನು ಕೇಳಿ ಬಂದ ಕುಂತಿಯು ಆ ಕೂಸಿಗಿದ್ದಳು. ಕೊರಲೈನಳಿಗೆ ಅಂಥವರು ಯಾರೂ ಇರಲಿಲ್ಲ.

ನಾವಾದರೋ ಊಟಕ್ಕೂ ನಿದ್ರೆಗೂ “ಗುಮ್ಮ ಬಂದ” ಎಂದು ಮಕ್ಕಳ ಬಾಯಿ ಮುಚ್ಚಿಸುತ್ತೇವೆ. ಅದೇ ಮಗುವು ಒಂದು ದಿನ ನಿಜವಾದ ಗುಮ್ಮನನ್ನು, ಹೊಡೆಯುವವನನ್ನೋ ಹಿಂಸಿಸುವವನನ್ನೋ, ಕಂಡು ಬಂದರೆ ಯಾರಿಗೆ ಹೇಳೀತು?

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು: ನಮ್ಮ ಮಗುವು ಯಾವದಕ್ಕೆ ಹೆದರುತ್ತದೆಂದು ನಾವು ಬಲ್ಲೆವೋ? ಅದು ಕಳೆದ ಸಾರಿ ಹೇಳಬಂದಾಗ ಪೂರ್ತಿಯಾಗಿ ಕೇಳಿದೆವೋ?