ಸೈಕಲಿಗೂ ಒಂದು ಸುರಕ್ಷಿತ ದಾರಿ ಬೇಕು

ಮನುಷ್ಯನ ಆರೋಗ್ಯ ಆರು ಸಂಗತಿಗಳ ಮೇಲೆ ನಿಂತಿದೆ ಎನ್ನುತ್ತದೆ ಯುನಾನಿ ವೈದ್ಯಶಾಸ್ತ್ರ. ಗಾಳಿ, ಆಹಾರ ಮತ್ತು ಪಾನೀಯ, ದೇಹದ ಚಲನೆ ಮತ್ತು ವಿಶ್ರಾಂತಿ, ಮನಸ್ಸಿನ ಚಲನೆ ಮತ್ತು ವಿಶ್ರಾಂತಿ, ನಿದ್ದೆ ಮತ್ತು ಎಚ್ಚರ, ದೇಹದಲ್ಲಿ ಉಳಿಯಬೇಕಾದುದು ಉಳಿದು ಹೊರಹೋಗಬೇಕಾದುದು ಹೋಗುವುದು. ಇವನ್ನು ಅಸ್ಬಾಬೆ ಸಿತ್ತಾ ಝರೂರಿಯಾ ಎಂದು ಕರೆಯುತ್ತಾರೆ. ಆಹಾರದ ಪಥ್ಯವನ್ನು ನೀವು ಹೇಗೋ ಪಾಲಿಸುತ್ತೀರಿ. ನಗರದ ಕುಟುಂಬಗಳಲ್ಲಿ ಕೈಬಿಟ್ಟುಹೋಗುತ್ತಿರುವುದು ದೇಹದ ಚಲನೆ.

ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ, 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇದಕ್ಕಾಗಿ ಜಿಮ್ಮಿಗೆ ಹಣ ಕಟ್ಟಬೇಕಾಗಿಲ್ಲ. ಕೆಲಸದ ಸ್ಥಳ 5 ಕಿಲೋಮೀಟರ್ ದೂರವಿದ್ದರೆ ಸೈಕಲಿನಲ್ಲಿ ಸುಮಾರು 20 ನಿಮಿಷ. ಹೋಗಿಬರಲು 40 ನಿಮಿಷ, ಐದು ದಿನಕ್ಕೆ 200 ನಿಮಿಷ. ಸೈಕಲ್ ತುಳಿಯುವಾಗ ಕಾಲಿನ ದೊಡ್ಡ ಸ್ನಾಯುಗಳು ರಕ್ತದ ಸಕ್ಕರೆಯನ್ನು ಬಳಸಿಕೊಳ್ಳುತ್ತವೆ. ದೇಹದ ಭಾರವನ್ನು ಸೀಟು ಹೊರುವುದರಿಂದ ದಪ್ಪಗಿರುವವರ ಮೊಣಕಾಲಿಗೂ ಹೊರೆ ಕಡಿಮೆ. ಊಟವಾದ ತಕ್ಷಣ ತುಳಿಯಬೇಡಿ. ಹೃದ್ರೋಗಿಗಳು ಮೊದಲು ವೈದ್ಯರನ್ನು ಕೇಳಿ.

ಆದರೆ ಹೀಗೆ ಸಲಹೆ ಕೊಟ್ಟಾಗಲೆಲ್ಲ ದವಾಖಾನೆಯಲ್ಲಿ ನನಗೆ ಸಿಗುವ ಉತ್ತರ ಒಂದೇ: "ಎಲ್ಲಿ ತುಳಿಯೋದು ಹಕೀಮ್ ಸಾಹೇಬ್ರೇ?"

ಈ ಭಯ ಸುಳ್ಳಲ್ಲ

ಬಸ್ಸು, ಲಾರಿಗಳ ನಡುವೆ ಮಗಳನ್ನು ಸೈಕಲ್ ಕೊಟ್ಟು ಕಳಿಸಲು ಹೆದರುವ ತಾಯಿಯನ್ನು ಅಂಜುಬುರುಕಿ ಎನ್ನಲಾಗದು. ವಾಹನದ ವೇಗ ಎರಡು ಪಟ್ಟಾದರೆ ಅದರ ಹೊಡೆತದ ಶಕ್ತಿ ನಾಲ್ಕು ಪಟ್ಟಾಗುತ್ತದೆ. 30 ಕಿಲೋಮೀಟರ್ ವೇಗದಲ್ಲಿ ಬದುಕುಳಿಯಬಹುದಾದ ಮಗು 60ರಲ್ಲಿ ಉಳಿಯುವುದು ಕಷ್ಟ. ಹೆಲ್ಮೆಟ್ ಅಗತ್ಯವೇ. ಆದರೆ ಅದು ಬಿದ್ದ ತಲೆಯನ್ನು ಕಾಯುತ್ತದೆಯೇ ಹೊರತು ಲಾರಿಯನ್ನು ದೂರ ಇಡುವುದಿಲ್ಲ. ಆ ಕೆಲಸ ರಸ್ತೆಯದು.

ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡುವ ಒಳ್ಳೆಯ ಯೋಜನೆ ಆರಂಭಿಸಿತು. ಸೈಕಲ್ ಬಂತು, ಅದು ಓಡಾಡುವ ದಾರಿ ಮಾತ್ರ ಬರಲಿಲ್ಲ.

ತಂದೆತಾಯಂದಿರು ಕೇಳಿದಾಗ

ನೆದರ್ಲ್ಯಾಂಡ್ಸ್ ಎಂದರೆ ಸೈಕಲಿನ ದೇಶ ಎಂದು ನಾವು ಕೇಳಿದ್ದೇವೆ. ಅಲ್ಲಿಯೂ ಒಂದು ಕಾಲದಲ್ಲಿ ಕಾರುಗಳೇ ಬೀದಿಯನ್ನು ಆಕ್ರಮಿಸಿದ್ದವು. 1971ರಲ್ಲಿ ಆ ಪುಟ್ಟ ದೇಶದ ರಸ್ತೆಗಳಲ್ಲಿ 3,000ಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ 400ಕ್ಕೂ ಹೆಚ್ಚು ಮಕ್ಕಳು. ಮಗಳನ್ನು ಕಳೆದುಕೊಂಡ ಒಬ್ಬ ಪತ್ರಕರ್ತ ಮಕ್ಕಳ ಈ ಹತ್ಯೆ ನಿಲ್ಲಲಿ ಎಂದು ಬರೆದರು. ತಂದೆತಾಯಂದಿರು ಬೀದಿಗಿಳಿದರು. ಕೆಲವೇ ವರ್ಷಗಳಲ್ಲಿ ಸರ್ಕಾರ ಸೈಕಲಿಗೆ ಪ್ರತ್ಯೇಕ ಪಥ ಮಾಡತೊಡಗಿತು, ವಸತಿ ಬೀದಿಗಳಲ್ಲಿ ವೇಗ ತಗ್ಗಿಸಿತು. ಇಂದು ಅಲ್ಲಿ ರಸ್ತೆಯಲ್ಲಿ ಸಾಯುವವರು ವರ್ಷಕ್ಕೆ ಸುಮಾರು 700. ಸೈಕಲ್ ಪಥವೊಂದರಿಂದಲೇ ಹೀಗಾಯಿತು ಎನ್ನಲಾಗದು, ಆದರೆ ಅದರ ಪಾಲು ದೊಡ್ಡದು.

ನಮ್ಮಲ್ಲಿಯೂ 2020ರಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಸಣ್ಣ ಕಂಬಗಳನ್ನು ನೆಟ್ಟು ಸೈಕಲ್ ಪಥ ಮಾಡಲಾಯಿತು. ಅದರೊಳಗೆ ಬೈಕುಗಳು ನುಗ್ಗಿದವು, ಕಂಬಗಳು ಮುರಿದವು. ಬಣ್ಣದ ಗೆರೆ ಮತ್ತು ಪ್ಲಾಸ್ಟಿಕ್ ಕಂಬ ಸಾಲದು, ಕಲ್ಲಿನ ಅಂಚು ಬೇಕು, ಕಾವಲೂ ಬೇಕು ಎಂಬುದೇ ಇದರ ಪಾಠ.

ನಾವು ಕೇಳಬೇಕಾದುದು

• ಮುಖ್ಯ ರಸ್ತೆಗಳಲ್ಲಿ ಎತ್ತರದ ಅಂಚಿನಿಂದ ಬೇರ್ಪಡಿಸಿದ ಸೈಕಲ್ ಪಥ. ಇದು ತುಂಡುತುಂಡಾಗಿರದೆ ಶಾಲೆ, ಮಾರುಕಟ್ಟೆ, ಬಸ್ ನಿಲ್ದಾಣಗಳನ್ನು ಜೋಡಿಸಬೇಕು.

• ಶಾಲೆ ಮತ್ತು ವಸತಿ ಬೀದಿಗಳಲ್ಲಿ 30 ಕಿಲೋಮೀಟರ್ ವೇಗಮಿತಿ, ಜೊತೆಗೆ ಸರಿಯಾಗಿ ಕಟ್ಟಿದ ರಸ್ತೆ ಉಬ್ಬು.

• ವೃತ್ತಗಳಲ್ಲಿ ಸೈಕಲಿಗೆ ದಾಟುವ ಜಾಗ. ಹೆಚ್ಚಿನ ಅಪಾಯ ತಿರುವಿನಲ್ಲೇ ಇರುತ್ತದೆ.

• ಬೀದಿದೀಪ, ಮುಚ್ಚಿದ ಚರಂಡಿ, ಗುಂಡಿಯಿಲ್ಲದ ರಸ್ತೆಯಂಚು.

ಇದನ್ನು ಬರೆದು ವಾರ್ಡ್ ಸದಸ್ಯರಿಗೂ ನಗರಸಭೆಗೂ ಕೊಡಿ, ಸ್ವೀಕೃತಿ ಪಡೆಯಿರಿ. ಅಪಾಯದ ಜಾಗದ ಫೋಟೋ ಲಗತ್ತಿಸಿ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ 198ಎ ಕಲಮಿನ ಪ್ರಕಾರ, ರಸ್ತೆಯ ವಿನ್ಯಾಸ, ನಿರ್ಮಾಣ ಅಥವಾ ನಿರ್ವಹಣೆಯಲ್ಲಿ ನಿಗದಿತ ಮಾನದಂಡ ಪಾಲಿಸದೆ ಸಾವು ಇಲ್ಲವೇ ಅಂಗವೈಕಲ್ಯ ಉಂಟಾದರೆ ಹೊಣೆಗಾರರಾದ ಪ್ರಾಧಿಕಾರ ಮತ್ತು ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಅರ್ಜಿಯಲ್ಲಿ ಈ ಕಲಮನ್ನು ನಮೂದಿಸಿ.

ನಮ್ಮ ಕಡೆಯ ಕೆಲಸವೂ ಇದೆ. ಶುಕ್ರವಾರ ಮಸೀದಿಯ ಮುಂದೆ, ದಿನವೂ ಅಂಗಡಿಯ ಮುಂದೆ ಅಡ್ಡಾದಿಡ್ಡಿ ನಿಲ್ಲಿಸುವ ನಮ್ಮ ವಾಹನಗಳು ಸೈಕಲಿನ ಹುಡುಗನನ್ನು ರಸ್ತೆಯ ನಡುವಿಗೆ ತಳ್ಳುತ್ತವೆ. ಸೈಕಲಿನಲ್ಲೇ ದುಡಿಯಲು ಹೋಗುವ ಗಾರೆ ಕೆಲಸದವರು, ಪೇಪರ್ ಹಾಕುವ ಹುಡುಗರು, ಹಾಲಿನವರು ನಮ್ಮ ಮೊಹಲ್ಲಾದಲ್ಲೇ ಇದ್ದಾರೆ. ಅವರಿಗೆ ಸೈಕಲ್ ಹವ್ಯಾಸವಲ್ಲ, ರೋಜಿಯ ದಾರಿ.

ಶಾಲೆಯ ಮುಂದಿನ ಪೋಷಕರ ಸಭೆಯಲ್ಲಿ ಈ ಪಟ್ಟಿಯನ್ನು ಓದಿ. ಹತ್ತು ತಂದೆತಾಯಂದಿರು ಸಹಿ ಹಾಕಿದರೂ ಅರ್ಜಿ ಸಿದ್ಧವಾಗುತ್ತದೆ.